ಶೇ. 45 ರಿಯಾಯಿತಿಯ ಲ್ಯಾಪ್‌ಟಾಪ್ ನಿಜಕ್ಕೂ ಅಗ್ಗವೇ?

ಸಿಇಟಿ ಸೀಟು ಹಂಚಿಕೆ ಮುಗಿದು ಕಾಲೇಜು ಶುರುವಾಗುವ ಹೊತ್ತಿಗೆ ಒಂದು ಸುತ್ತು, ಆಯುಧಪೂಜೆಯಿಂದ ದೀಪಾವಳಿಯವರೆಗೆ ಇನ್ನೊಂದು ಸುತ್ತು. ವರ್ಷಕ್ಕೆ ಎರಡು ಬಾರಿಯಾದರೂ ಲ್ಯಾಪ್‌ಟಾಪ್ ಜಾಹೀರಾತುಗಳು ನಮ್ಮ ಮೊಬೈಲ್ ಪರದೆಯನ್ನು ತುಂಬಿಕೊಳ್ಳುತ್ತವೆ. ಅವುಗಳ ಭಾಷೆ ಹೆಚ್ಚುಕಡಿಮೆ ಹೀಗಿರುತ್ತದೆ: “ಎಂಆರ್‌ಪಿ 72,990 ರೂ. ಈಗ ಕೇವಲ 39,990 ರೂ! ಶೇ. 45 ರಿಯಾಯಿತಿ. ರೈಜೆನ್ 5, 7000 ಸೀರೀಸ್. 8 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ. ಬ್ಯಾಂಕ್ ಕಾರ್ಡ್‌ಗೆ ಶೇ. 10 ಹೆಚ್ಚುವರಿ ರಿಯಾಯಿತಿ. ನೋ ಕಾಸ್ಟ್ ಇಎಂಐ. ಇನ್ನು 2 ಮಾತ್ರ ಉಳಿದಿವೆ.”

ಇದು ನಾವು ಲೆಕ್ಕಕ್ಕಾಗಿ ಕಲ್ಪಿಸಿಕೊಂಡ ಜಾಹೀರಾತು. ಆದರೆ ಇಂಥದ್ದನ್ನು ನೋಡದವರು ಕಡಿಮೆ. ಮಧ್ಯಮ ವರ್ಗದ ಮನೆಯಲ್ಲಿ ಲ್ಯಾಪ್‌ಟಾಪ್ ಎಂದರೆ ಒಂದು ತಿಂಗಳ ಸಂಬಳ, ಇಲ್ಲವೇ ವರ್ಷವಿಡೀ ಕಟ್ಟುವ ಕಂತು. ತಪ್ಪು ಆಯ್ಕೆಯಾದರೆ ಮಗಳೋ ಮಗನೋ ನಾಲ್ಕು ವರ್ಷ ಅದರ ಜೊತೆಗೇ ಏಗಬೇಕು. ಹಾಗಾಗಿ ಈ ಜಾಹೀರಾತಿನ ಒಂದೊಂದು ಅಂಕಿಯನ್ನೂ ಬಿಡಿಸಿ, ಅದು ನಿಜವಾಗಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ನೋಡೋಣ.

ಶೇ. 45 ರಿಯಾಯಿತಿ: ಯಾವುದರ ಮೇಲೆ?

ರಿಯಾಯಿತಿಯನ್ನು ಎಂಆರ್‌ಪಿಯಿಂದ, ಅಂದರೆ ಗರಿಷ್ಠ ಚಿಲ್ಲರೆ ಬೆಲೆಯಿಂದ ಲೆಕ್ಕ ಹಾಕಿರುತ್ತಾರೆ. ಈ ಎಂಆರ್‌ಪಿಯನ್ನು ನಿಗದಿಪಡಿಸುವವರು ಯಾರು? ತಯಾರಕರು ಅಥವಾ ಆಮದುದಾರರು. ಪೊಟ್ಟಣದ ಮೇಲೆ ಎಂಆರ್‌ಪಿ ಮುದ್ರಿಸಬೇಕು, ಅದಕ್ಕಿಂತ ಹೆಚ್ಚಿಗೆ ಮಾರಬಾರದು ಎನ್ನುತ್ತವೆ 2011ರ ಕಾನೂನು ಮಾಪನಶಾಸ್ತ್ರ ನಿಯಮಗಳು. ಆದರೆ ಆ ವಸ್ತು ಎಂದಾದರೂ ಆ ಬೆಲೆಗೆ ಮಾರಾಟವಾಗಿರಲೇಬೇಕು ಎಂದು ಅವು ಹೇಳುವುದಿಲ್ಲ. ಬಹಳಷ್ಟು ಲ್ಯಾಪ್‌ಟಾಪ್‌ಗಳು ವರ್ಷದ ಯಾವ ದಿನವೂ ಎಂಆರ್‌ಪಿಗೆ ಮಾರಾಟವಾಗುವುದಿಲ್ಲ. ಮೇಲಿನ ಲ್ಯಾಪ್‌ಟಾಪ್ ಕಳೆದ ಆರು ತಿಂಗಳು 42,000 ರೂಪಾಯಿಗೆ ಸಿಗುತ್ತಿತ್ತು ಎಂದುಕೊಳ್ಳಿ. ಆಗ ನಿಮಗೆ ನಿಜವಾಗಿ ಸಿಕ್ಕಿದ್ದು ಸುಮಾರು 2,000 ರೂಪಾಯಿ, ಅಂದರೆ ಶೇ. 5ರಷ್ಟು ರಿಯಾಯಿತಿ.

ಇದು ಗೊತ್ತಿದ್ದರೂ ನಾವು ಮರುಳಾಗುವುದೇಕೆ? ಉತ್ತರ ಮನಶ್ಶಾಸ್ತ್ರದಲ್ಲಿದೆ. ಆಮೊಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ 1974ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಪ್ರಯೋಗವನ್ನು ವಿವರಿಸಿದ್ದಾರೆ. ಭಾಗವಹಿಸಿದವರ ಎದುರು ಅಂಕಿಗಳ ಚಕ್ರವೊಂದನ್ನು ತಿರುಗಿಸಲಾಯಿತು. ಅದು 10 ಅಥವಾ 65ರಲ್ಲೇ ನಿಲ್ಲುವಂತೆ ಮೊದಲೇ ಏರ್ಪಾಡಾಗಿತ್ತು. ವಿಶ್ವಸಂಸ್ಥೆಯಲ್ಲಿ ಆಫ್ರಿಕದ ದೇಶಗಳ ಪಾಲು ಆ ಅಂಕಿಗಿಂತ ಹೆಚ್ಚೋ ಕಡಿಮೆಯೋ ಎಂದು ಕೇಳಿ, ಬಳಿಕ ನಿಖರವಾಗಿ ಶೇಕಡಾ ಎಷ್ಟಿರಬಹುದು ಎಂದು ಕೇಳಲಾಯಿತು. 10 ನೋಡಿದವರ ಮಧ್ಯಮ ಉತ್ತರ 25, 65 ನೋಡಿದವರದು 45. ಚಕ್ರದ ಅಂಕಿಗೂ ಪ್ರಶ್ನೆಗೂ ಸಂಬಂಧವೇ ಇರಲಿಲ್ಲ. ಆದರೂ ಮೊದಲು ಕಂಡ ಅಂಕಿ ಮನಸ್ಸಿಗೆ ಲಂಗರು ಹಾಕಿತ್ತು. ಜಾಹೀರಾತಿನಲ್ಲಿ ಅಡ್ಡಗೆರೆ ಎಳೆದ 72,990 ಮಾಡುವ ಕೆಲಸವೂ ಇದೇ. ಅದನ್ನು ನೋಡಿದ ಮೇಲೆ 39,990 ಎಂಬುದು ಖರ್ಚಾಗಿ ಕಾಣುವುದಿಲ್ಲ, 33,000 ರೂಪಾಯಿ ಉಳಿತಾಯವಾಗಿ ಕಾಣುತ್ತದೆ.

ಇದಕ್ಕೆ ಮದ್ದು ಸರಳ. ಶೇಕಡಾವಾರು ಅಂಕಿಯನ್ನು ಕೈಯಲ್ಲಿ ಮುಚ್ಚಿಕೊಳ್ಳಿ. ಅದೇ ಮಾದರಿ ಸಂಖ್ಯೆಯ ಬೆಲೆ ಕಳೆದ ಕೆಲವು ತಿಂಗಳಲ್ಲಿ ಎಷ್ಟಿತ್ತು ಎಂಬುದನ್ನು ಬೆಲೆಯ ಇತಿಹಾಸ ತೋರಿಸುವ ತಾಣಗಳಲ್ಲಿ ನೋಡಿ. ಇನ್ನೆರಡು ಕಡೆ ವಿಚಾರಿಸಿ. ನಿಮ್ಮ ಹೋಲಿಕೆ ಇರಬೇಕಾದ್ದು ಈ ಬೆಲೆಗಳ ಜೊತೆ, ಎಂಆರ್‌ಪಿ ಜೊತೆಗಲ್ಲ.

“7000 ಸೀರೀಸ್” ಎಂದರೆ ಹೊಸದೇ?

ಅಂಕಿ ದೊಡ್ಡದಿದ್ದಷ್ಟೂ ಹೊಸದು ಎಂಬುದು ಸಾಮಾನ್ಯ ನಂಬಿಕೆ. ಇದು ಅರ್ಧ ಸತ್ಯ. ಎಎಂಡಿ ಕಂಪನಿಯ ರೈಜೆನ್ 5 7520ಯು ಮತ್ತು ರೈಜೆನ್ 5 7530ಯು ಪ್ರೊಸೆಸರ್‌ಗಳನ್ನೇ ನೋಡಿ. ಹೆಸರಿನಲ್ಲಿ ಒಂದೇ ಅಂಕಿಯ ವ್ಯತ್ಯಾಸ. ಆದರೆ 7520ಯು ಒಳಗಿರುವುದು 2019ರಲ್ಲಿ ಮೊದಲು ಬಂದ ‘ಝೆನ್ 2’ ವಿನ್ಯಾಸ, 4 ಕೋರ್. 7530ಯು ಒಳಗಿರುವುದು ಅದರ ನಂತರದ ‘ಝೆನ್ 3’, 6 ಕೋರ್. ಕೋರ್ ಎಂದರೆ ಪ್ರೊಸೆಸರ್‌ನ ಒಳಗೆ ಲೆಕ್ಕ ಮಾಡುವ ಘಟಕ. ಎರಡು ಆಳಿನ ಕೆಲಸ ಹೆಚ್ಚು ನಡೆಯುವ ಯಂತ್ರವೂ ಕಡಿಮೆ ನಡೆಯುವ ಯಂತ್ರವೂ ಜಾಹೀರಾತಿನಲ್ಲಿ “ರೈಜೆನ್ 5, 7000 ಸೀರೀಸ್” ಎಂದೇ ಕಾಣಿಸಿಕೊಳ್ಳಬಹುದು. ಈ ಸರಣಿಯಲ್ಲಿ ವಿನ್ಯಾಸದ ಪೀಳಿಗೆಯನ್ನು ತಿಳಿಸುವುದು ಮೊದಲ ಅಂಕಿಯಲ್ಲ, ಮೂರನೆಯದು.

ಇಂಟೆಲ್‌ನ “ಐ7” ಕಥೆಯೂ ಹೀಗೇ. ಐ3, ಐ5, ಐ7 ಎಂಬುದು ಒಂದೇ ಪೀಳಿಗೆಯೊಳಗಿನ ಮೆಟ್ಟಿಲು. ಬೇರೆ ಬೇರೆ ಪೀಳಿಗೆಗಳನ್ನು ಅದರಿಂದ ಅಳೆಯಲಾಗದು. 2015ರ ಐ7-6600ಯು ಪ್ರೊಸೆಸರ್‌ನಲ್ಲಿ ಇದ್ದದ್ದು 2 ಕೋರ್. 2022ರ ಐ3-1215ಯು ಪ್ರೊಸೆಸರ್‌ನಲ್ಲಿ 6 ಕೋರ್. “ಐ7 ಲ್ಯಾಪ್‌ಟಾಪ್ ಬರೀ 18,000” ಎಂದು ಯಾರಾದರೂ ಹೇಳಿದರೆ ಕೇಳಬೇಕಾದ ಮೊದಲ ಪ್ರಶ್ನೆ: ಅಡ್ಡಗೆರೆಯ ನಂತರದ ಅಂಕಿ ಯಾವುದು? 6600 ಎಂದರೆ 6ನೇ ಪೀಳಿಗೆ, 1215 ಎಂದರೆ 12ನೇ ಪೀಳಿಗೆ.

ಲ್ಯಾಪ್‌ಟಾಪ್‌ನ ಹೆಸರಿಗೂ ಇದೇ ಎಚ್ಚರ ಬೇಕು. ಒಂದೇ ಹೆಸರಿನ ಅಡಿಯಲ್ಲಿ ಹತ್ತಾರು ಮಾದರಿಗಳಿರುತ್ತವೆ. ಪರದೆ, ಬ್ಯಾಟರಿ, ರ್‍ಯಾಮ್ ಎಲ್ಲವೂ ಬೇರೆ ಬೇರೆ. ಯೂಟ್ಯೂಬ್‌ನಲ್ಲಿ ಹೊಗಳಿದ್ದು ಒಂದು ಮಾದರಿ, ಅಂಗಡಿಯಲ್ಲಿ ಸಿಗುವುದು ಇನ್ನೊಂದು ಆಗಿರಬಹುದು. ಹೋಲಿಸುವಾಗ ಪೂರ್ಣ ಮಾದರಿ ಸಂಖ್ಯೆಯನ್ನೇ ಬಳಸಿ.

ಬರೆದಿರುವುದಕ್ಕಿಂತ ಬರೆಯದಿರುವುದು ಮುಖ್ಯ

ಬೆಲೆ ಇಳಿಸಬೇಕಾದಾಗ ತಯಾರಕರು ಜಾಹೀರಾತಿನಲ್ಲಿ ಕಾಣದ ಭಾಗಗಳಲ್ಲೇ ಕತ್ತರಿ ಆಡಿಸುತ್ತಾರೆ. ಹಾಗಾಗಿ ಈ ನಾಲ್ಕನ್ನು ಹುಡುಕಿ ನೋಡಬೇಕು.

ರ್‍ಯಾಮ್: 8 ಜಿಬಿ ಇದ್ದರೆ, ಮುಂದೆ ಹೆಚ್ಚಿಸಬಹುದೇ? ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಮೇಲೆ ಹೇಳಿದ 7520ಯು ಇರುವ ಲ್ಯಾಪ್‌ಟಾಪ್‌ಗಳಲ್ಲಿ ಹೀಗೇ ಇರುತ್ತದೆ. ಅಂದರೆ ಇವತ್ತು 8 ಜಿಬಿ ಕೊಂಡರೆ ಕೊನೆಯವರೆಗೂ 8 ಜಿಬಿಯೇ. ಬ್ರೌಸರ್, ಆನ್‌ಲೈನ್ ತರಗತಿ, ವರ್ಡ್ ಫೈಲಿಗೆ ಇದು ಸಾಕು. ಪ್ರೋಗ್ರಾಮಿಂಗ್ ಕಲಿಯುವವರಿಗೆ, ವಿಡಿಯೊ ಎಡಿಟಿಂಗ್ ಮಾಡುವವರಿಗೆ ಬೇಗನೆ ಇಕ್ಕಟ್ಟಾಗುತ್ತದೆ.

ಸಂಗ್ರಹ: ತೀರಾ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿ ಬದಲು ಇಎಂಎಂಸಿ ಇರುತ್ತದೆ. ಇಎಂಎಂಸಿಯ ಗರಿಷ್ಠ ವೇಗ ಸೆಕೆಂಡಿಗೆ 400 ಎಂಬಿ. ಎನ್‌ವಿಎಂಇ ಎಸ್‌ಎಸ್‌ಡಿಗಳು ಸಾವಿರಾರು ಎಂಬಿ ಮುಟ್ಟುತ್ತವೆ. ಇನ್ನು, 512 ಜಿಬಿ ಎಂದು ಕೊಂಡ ಎಸ್‌ಎಸ್‌ಡಿ ಕಂಪ್ಯೂಟರಿನಲ್ಲಿ 476 ಎಂದು ಕಂಡರೆ ಗಾಬರಿ ಬೇಡ. ಅದು ಮೋಸವಲ್ಲ. ತಯಾರಕರು ಒಂದು ಜಿಬಿ ಎಂದರೆ ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ, ವಿಂಡೋಸ್ ಸುಮಾರು 107 ಕೋಟಿ ಬೈಟ್ ಎಂದು ಎಣಿಸುತ್ತದೆ.

ಪರದೆ: “ಫುಲ್ ಎಚ್‌ಡಿ” ಎಂಬುದು ಚುಕ್ಕಿಗಳ ಸಂಖ್ಯೆ ಮಾತ್ರ. ಬಣ್ಣ ಮತ್ತು ಬೆಳಕಿನ ಲೆಕ್ಕ ಬೇರೆ. ವಿವರಪಟ್ಟಿಯಲ್ಲಿ “45% ಎನ್‌ಟಿಎಸ್‌ಸಿ, 250 ನಿಟ್ಸ್” ಎಂದಿದ್ದರೆ ಬಣ್ಣಗಳು ಪೇಲವ, ಕಿಟಕಿಯ ಪಕ್ಕ ಕೂತರೆ ಪರದೆ ಮಂಕು.

ಬ್ಯಾಟರಿ: “10 ಗಂಟೆ ಬಾಳಿಕೆ” ಎಂಬ ಮಾತಿಗಿಂತ ವ್ಯಾಟ್-ಗಂಟೆ ಅಂಕಿಯನ್ನು ನೋಡಿ. 42 ವ್ಯಾಟ್-ಗಂಟೆಯ ಬ್ಯಾಟರಿ, ಸರಾಸರಿ 10 ವ್ಯಾಟ್ ಎಳೆಯುವ ಕೆಲಸ ಎಂದರೆ ಸುಮಾರು 4 ಗಂಟೆ. ಈ ಭಾಗಾಕಾರವನ್ನು ಯಾರು ಬೇಕಾದರೂ ಮಾಡಬಹುದು.

“ನೋ ಕಾಸ್ಟ್” ಇಎಂಐಗೆ ನಿಜಕ್ಕೂ ವೆಚ್ಚವಿಲ್ಲವೇ?

ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಅಸ್ತಿತ್ವದಲ್ಲಿಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಕಳಿಸಿದ ಸುತ್ತೋಲೆಯಲ್ಲಿ ಹೇಳಿದೆ. ಹಾಗಾದರೆ ನೋ ಕಾಸ್ಟ್ ಇಎಂಐ ನಡೆಯುವುದು ಹೇಗೆ? ಬ್ಯಾಂಕ್ ಬಡ್ಡಿ ಹಾಕುತ್ತದೆ. ಅಷ್ಟೇ ಮೊತ್ತವನ್ನು ಮಾರಾಟಗಾರರು ಬೆಲೆಯಲ್ಲಿ ಮೊದಲೇ ಕಳೆದಿರುತ್ತಾರೆ. ಎರಡೂ ಸರಿದೂಗುತ್ತವೆ. ಆದರೆ ಬಡ್ಡಿಯ ಮೇಲೆ ಶೇ. 18ರಷ್ಟು ಜಿಎಸ್‌ಟಿ ಇದೆ. ಅದನ್ನು ಕಟ್ಟಬೇಕಾದವರು ನೀವು.

ನಮ್ಮ ಉದಾಹರಣೆಯಲ್ಲೇ ನೋಡೋಣ. 39,990 ರೂಪಾಯಿ, 12 ಕಂತು, ವಾರ್ಷಿಕ ಬಡ್ಡಿ ಶೇ. 15 ಎಂದುಕೊಂಡರೆ, ಒಳಗೆ ಅಡಗಿದ ಬಡ್ಡಿ ಸುಮಾರು 3,070 ರೂಪಾಯಿ. ಅದರ ಮೇಲಿನ ಜಿಎಸ್‌ಟಿ ಸುಮಾರು 550. ಸಂಸ್ಕರಣಾ ಶುಲ್ಕ 199 ಮತ್ತು ಅದರ ತೆರಿಗೆ ಸೇರಿದರೆ ಒಟ್ಟು 790ರ ಆಸುಪಾಸು. ಇದು ದೊಡ್ಡ ಮೊತ್ತವಲ್ಲ. ಒಟ್ಟಿಗೆ ಹಣ ಹೊಂದಿಸಲಾಗದ ಮನೆಗೆ ಇದು ಒಳ್ಳೆಯ ಅನುಕೂಲವೇ. ಆದರೆ ಕಂತು ತಪ್ಪಿದರೆ ದಂಡ ಮತ್ತು ಬಡ್ಡಿ ಈ ಲೆಕ್ಕವನ್ನು ತಲೆಕೆಳಗು ಮಾಡುತ್ತವೆ.

ಬ್ಯಾಂಕ್ ರಿಯಾಯಿತಿಯ ಶೇ. 10ಕ್ಕೂ ಒಂದು ಬಾಲವಿರುತ್ತದೆ: “ಗರಿಷ್ಠ 1,500 ರೂ.” ಆಗ ಸಿಗುವುದು 3,999 ಅಲ್ಲ, 1,500. ಅಂದರೆ ಶೇ. 4ಕ್ಕೂ ಕಡಿಮೆ. “ಜಿಎಸ್‌ಟಿ ಬಿಲ್ ಪಡೆದು ಶೇ. 18 ಉಳಿಸಿ” ಎಂಬುದು ಕೂಡ ಜಿಎಸ್‌ಟಿ ನೋಂದಣಿ ಇರುವ ವ್ಯವಹಾರಸ್ಥರಿಗೆ ಹೇಳಿದ ಮಾತು. ವಿದ್ಯಾರ್ಥಿಗೆ ಅದರಿಂದ ಪ್ರಯೋಜನವಿಲ್ಲ.

“ಇನ್ನು 2 ಮಾತ್ರ ಉಳಿದಿವೆ” ಎಂಬ ಸಾಲು ನಿಜವೂ ಇರಬಹುದು, ಸುಳ್ಳೂ ಇರಬಹುದು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಆನ್‌ಲೈನ್ ವ್ಯಾಪಾರದ 13 ಬಗೆಯ ಮೋಸದ ತಂತ್ರಗಳನ್ನು ಪಟ್ಟಿ ಮಾಡಿದೆ. ಹುಸಿ ಅವಸರ ಹುಟ್ಟಿಸುವುದು ಮತ್ತು ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು ಅವುಗಳಲ್ಲಿ ಸೇರಿವೆ. ಹಣ ಕಟ್ಟುವ ಮುನ್ನ ಬುಟ್ಟಿಯಲ್ಲಿ ವಿಮೆಯೋ ಹೆಚ್ಚುವರಿ ವಾರಂಟಿಯೋ ತಾನಾಗಿ ಸೇರಿಕೊಂಡಿದೆಯೇ ನೋಡಿ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಹಳೆಯದನ್ನು ಕೊಳ್ಳುವುದು ಜಾಣತನವೇ?

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಆನ್‌ಲೈನ್ ಅಂಗಡಿಗಳಲ್ಲಿ ನವೀಕರಿಸಿದ ಲ್ಯಾಪ್‌ಟಾಪ್‌ಗಳು ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಇವುಗಳಲ್ಲಿ ಹಲವು ಕಂಪನಿಗಳಲ್ಲಿ ಬಳಸಿ ಬಿಟ್ಟ ಗಟ್ಟಿಮುಟ್ಟಾದ ಯಂತ್ರಗಳು. ಹೊಸ ಅಗ್ಗದ ಲ್ಯಾಪ್‌ಟಾಪ್‌ಗಿಂತ ಇವು ಉತ್ತಮವಾಗಿರುವುದೂ ಉಂಟು.

ಆದರೆ ಒಂದು ಗಡಿ ನೆನಪಿರಲಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ, ಕೆಲವೇ ಅಪವಾದ ಬಿಟ್ಟರೆ, ಇಂಟೆಲ್‌ನ 8ನೇ ಅಥವಾ ನಂತರದ ಪೀಳಿಗೆಯ ಪ್ರೊಸೆಸರ್ ಬೇಕು. 6 ಅಥವಾ 7ನೇ ಪೀಳಿಗೆಯ ಯಂತ್ರಕ್ಕೆ ಅಂಗಡಿಯವರು ಹೇಗೋ ವಿಂಡೋಸ್ 11 ಹಾಕಿಕೊಟ್ಟರೂ ಮೈಕ್ರೋಸಾಫ್ಟ್ ಅದನ್ನು ಅಧಿಕೃತವಾಗಿ ಬೆಂಬಲಿಸುವುದಿಲ್ಲ. ನೆಟ್‌ಬ್ಯಾಂಕಿಂಗ್ ಮಾಡುವ ಯಂತ್ರಕ್ಕೆ ಭದ್ರತಾ ಅಪ್‌ಡೇಟ್ ಇಲ್ಲದಿರುವುದು ಸಣ್ಣ ವಿಷಯವಲ್ಲ. ಲಿನಕ್ಸ್ ಬಳಸಲು ಸಿದ್ಧರಿದ್ದರೆ ಅದೇ ಯಂತ್ರ ಇನ್ನೂ ಕೆಲವು ವರ್ಷ ಚೆನ್ನಾಗಿ ಓಡುತ್ತದೆ. ಕೊಳ್ಳುವಾಗ ಬಿಲ್ ಕೇಳಿ, ಬ್ಯಾಟರಿಯ ಸ್ಥಿತಿ ನೋಡಿ, ಕೀಬೋರ್ಡಿನ ಪ್ರತಿ ಕೀಲಿಯನ್ನೂ ಒತ್ತಿ ನೋಡಿ.

ಹಾಗಾದರೆ ನಿರ್ಧಾರ ಹೇಗೆ?

ಬೆಲೆಯನ್ನು ವರ್ಷಕ್ಕೆ ಹಂಚಿ ನೋಡುವುದು ಒಂದು ಒಳ್ಳೆಯ ಅಳತೆ. 39,990 ರೂಪಾಯಿಯ, ರ್‍ಯಾಮ್ ಹೆಚ್ಚಿಸಲಾಗದ ಲ್ಯಾಪ್‌ಟಾಪ್ ನಿಮ್ಮ ಕೆಲಸಕ್ಕೆ 3 ವರ್ಷ ಬಂದರೆ, ವರ್ಷಕ್ಕೆ 13,330 ರೂಪಾಯಿ. 52,000 ರೂಪಾಯಿಯ, 16 ಜಿಬಿ ಇರುವ ಲ್ಯಾಪ್‌ಟಾಪ್ 5 ವರ್ಷ ಬಂದರೆ, ವರ್ಷಕ್ಕೆ 10,400. ಕಡಿಮೆ ರಿಯಾಯಿತಿ ಇದ್ದದ್ದೇ ಇಲ್ಲಿ ಅಗ್ಗ. ಆದರೆ ಟೈಪಿಂಗ್, ಬಿಲ್ಲಿಂಗ್ ಮಾತ್ರ ಮಾಡುವವರಿಗೆ ಎರಡೂ 5 ವರ್ಷ ಬರಬಹುದು. ಆಗ ಮೊದಲನೆಯದೇ ಸರಿ. ಒಂದೇ ಲ್ಯಾಪ್‌ಟಾಪ್ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ ಆಗುವುದು ಹೀಗೆ.

ಹಾಗಾಗಿ ಜಾಹೀರಾತು ನೋಡುವ ಮೊದಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಯಾವ ಕೆಲಸಕ್ಕೆ, ಎಷ್ಟು ವರ್ಷಕ್ಕೆ, ಗರಿಷ್ಠ ಎಷ್ಟು ರೂಪಾಯಿ. ಕಾಲೇಜಿಗಾದರೆ ಯಾವ ಸಾಫ್ಟ್‌ವೇರ್ ಬೇಕಾಗುತ್ತದೆ ಎಂದು ಸೀನಿಯರ್‌ಗಳನ್ನೋ ಅಧ್ಯಾಪಕರನ್ನೋ ಕೇಳಿ. ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿದೆ, ವಾರಂಟಿಯಲ್ಲಿ ರಿಪೇರಿಗೆ ಮನೆಗೆ ಬರುತ್ತಾರೋ ನಾವೇ ಹೊತ್ತುಕೊಂಡು ಹೋಗಬೇಕೋ ತಿಳಿದುಕೊಳ್ಳಿ. ತಾಲ್ಲೂಕು ಕೇಂದ್ರದಲ್ಲಿರುವವರಿಗೆ ಒಂದು ರಿಪೇರಿ ಎಂದರೆ ಹುಬ್ಬಳ್ಳಿಗೋ ಬೆಂಗಳೂರಿಗೋ ಎರಡು ಸುತ್ತು ಪ್ರಯಾಣ. ಆನ್‌ಲೈನ್‌ನಲ್ಲಿ ಕೊಂಡರೆ ಹಣ ವಾಪಸೋ, ಬದಲಿ ವಸ್ತು ಮಾತ್ರವೋ ಎಂದು ಮೊದಲೇ ಓದಿ. ಪೆಟ್ಟಿಗೆ ತೆರೆಯುವುದನ್ನು ವಿಡಿಯೊ ಮಾಡಿಟ್ಟುಕೊಳ್ಳಿ.

ಮುಂದಿನ ಸೇಲ್‌ಗೆ ಕಾದರೆ ಬೆಲೆ ಇಳಿದೇ ಇಳಿಯುತ್ತದೆ ಎಂಬ ನಂಬಿಕೆಯೂ ಯಾವಾಗಲೂ ನಿಜವಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಏರಿದ್ದು ಇದಕ್ಕೆ ಉದಾಹರಣೆ. ಕೆಲಸಕ್ಕೆ ಈಗಲೇ ಬೇಕಿದ್ದು, ಚೀಟಿಯಲ್ಲಿ ಬರೆದದ್ದಕ್ಕೆ ಹೊಂದಿದರೆ, ರಿಯಾಯಿತಿ ಶೇ. 5 ಇದ್ದರೂ ಕೊಳ್ಳಬಹುದು. ಹೊಂದದಿದ್ದರೆ ಶೇ. 45 ಇದ್ದರೂ ಬಿಡಬಹುದು.