ಸರೋವರದ ಬಾಗಿಲು ಎಲ್ಲಿದೆ?

ಅಮೆರಿಕದ ಕೊಲರಾಡೊದಲ್ಲಿರುವ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದ ಬೇರ್ ಲೇಕ್‌ವರೆಗೆ ಟಾರು ರಸ್ತೆಯಿದೆ. ಅಲ್ಲಿಂದ ಕಾಲುದಾರಿ ಹಿಡಿದರೆ ಮೊದಲು ನಿಂಫ್, ಆಮೇಲೆ ಡ್ರೀಮ್, ಕೊನೆಗೆ ಎಮರಾಲ್ಡ್. ಮೂರು ಕಿಲೋಮೀಟರ್ ಹತ್ತುವಷ್ಟರಲ್ಲಿ ಮೂರು ಸರೋವರ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಗುಡುಗು ಸಿಡಿಲಿಗೆ ಮೊದಲೇ ಇಳಿದುಬರಬಹುದು. ಮೈಸೂರಿನಿಂದ ಬಂದಿದ್ದ ಅಮ್ಮ, ಮಂಡಿನೋವಿದ್ದರೂ, ನಿಂತು ನಿಂತು ಡ್ರೀಮ್ ಲೇಕ್‌ವರೆಗೆ ನಡೆದಳು. ಎದುರಿಗೆ ಹ್ಯಾಲೆಟ್ ಶಿಖರ. ತಂದಿದ್ದ ಮೊಸರನ್ನದ ಡಬ್ಬಿ ತೆರೆಯುವುದನ್ನೂ ಮರೆತು ಬಂಡೆಯ ಮೇಲೆ ಕೂತು ನೀರು ನೋಡಿದಳು.

ಆ ದಾರಿಯಲ್ಲಿ ನಮ್ಮ ಹಿಂದೆ ಮುಂದೆ ನೂರಾರು ಜನ ಇದ್ದರು. 2019ರಲ್ಲಿ ಈ ಉದ್ಯಾನಕ್ಕೆ ಬಂದವರು 46 ಲಕ್ಷಕ್ಕೂ ಹೆಚ್ಚು. 2020ರಿಂದ ಬೇಸಿಗೆಯ ತಿಂಗಳುಗಳಲ್ಲಿ ಒಳಗೆ ಹೋಗಲು ಮುಂಚಿತವಾಗಿ ಹೊತ್ತು ಕಾಯ್ದಿರಿಸಬೇಕು. ಹೀಗೆ ಜನರನ್ನು ತಡೆಯುವುದು ನ್ಯಾಯವೇ?

ಪಳಗಿದ ಚಾರಣಿಗರು ಕೆಲವರು ಕೊಡುವ ಉತ್ತರ ನನಗೆ ಒಪ್ಪಿಗೆಯಿಲ್ಲ. ದಾರಿ ಸುಲಭವಾದ್ದರಿಂದಲೇ ಜಾತ್ರೆ ಸೇರುತ್ತದೆ, ಕಷ್ಟಪಟ್ಟು ಹತ್ತುವವರಿಗಷ್ಟೇ ಬೆಟ್ಟ ಮೀಸಲಾಗಲಿ ಎನ್ನುತ್ತಾರೆ ಅವರು. ಕಾಲಿನ ಕಸುವು ಹಕ್ಕಿನ ಅಳತೆಗೋಲಾಗಬಾರದು. 1900ರಲ್ಲಿ, ಇದು ಉದ್ಯಾನವಾಗುವುದಕ್ಕೆ ಹದಿನೈದು ವರ್ಷ ಮೊದಲು, ಬೇರ್ ಲೇಕ್ ಸುತ್ತಲ ಕಾಡು ಹೊತ್ತಿ ಉರಿದದ್ದು ಯಾರೋ ಶಿಬಿರ ಹೂಡಿದವರ ಅಜಾಗರೂಕತೆಯಿಂದ. ಕಾಡು ಸುಡಲು ಜಾತ್ರೆ ಬೇಕಾಗಲಿಲ್ಲ. ಅರ್ಧ ದಿನದಲ್ಲಿ ಮುಗಿಯುವ ಈ ದಾರಿ ಮಕ್ಕಳನ್ನೂ ಮುದುಕರನ್ನೂ ಹಿಮನದಿ ಕೊರೆದ ಬಟ್ಟಲಿನ ಅಂಚಿಗೆ ತಂದು ನಿಲ್ಲಿಸುತ್ತದೆ. ಉದ್ಯಾನ ಕೊಡಬಹುದಾದದ್ದರಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಾಣುವುದಿಲ್ಲ.

ಆದರೂ ಮಿತಿ ಬೇಕು. ಮರ ಬೆಳೆಯದ ಎತ್ತರದಲ್ಲಿ ಗಿಡಗಳು ನೆಲಕ್ಕೆ ಅಂಟಿಕೊಂಡು ಬಹಳ ನಿಧಾನ ಬೆಳೆಯುತ್ತವೆ. ದಾರಿ ಬಿಟ್ಟ ಹೆಜ್ಜೆಗಳು ಸವೆಸಿದ್ದು ಚಿಗುರಲು ದಶಕಗಳೇ ಬೇಕು. ಮಿತಿಯನ್ನು ದುಡ್ಡಿನಿಂದ ಹಾಕಬಾರದು, ಹೊತ್ತಿನಿಂದ ಹಾಕಬೇಕು. ಅದರಲ್ಲೂ ಒಂದು ತೊಡಕಿದೆ: ತಿಂಗಳ ಮೊದಲೇ ರಜೆ ಗೊತ್ತಿರುವವನಿಗೆ ಕಾಯ್ದಿರಿಸುವುದು ಸುಲಭ, ನಾಳೆಯ ಪಾಳಿ ಇವತ್ತು ತಿಳಿಯುವ ಕೂಲಿಯವನಿಗೆ ಅಲ್ಲ. ಒಂದಿಷ್ಟು ಪರವಾನಗಿಗಳನ್ನು ಹಿಂದಿನ ದಿನ ಸಂಜೆಗೆಂದೇ ಉಳಿಸಿಕೊಳ್ಳುವುದು ಈ ಉದ್ಯಾನದ ಒಳ್ಳೆಯ ಪದ್ಧತಿ. ಅವುಗಳ ಪಾಲು ಹೆಚ್ಚಬೇಕೆಂದು ನನ್ನ ಆಸೆ. 2024ರಲ್ಲಿ ಕುಮಾರಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ನಮ್ಮಲ್ಲೂ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬಂತು. ಈ ಯೋಚನೆ ಅಲ್ಲಿಗೂ ಸಲ್ಲುತ್ತದೆ.

“ಎಷ್ಟು ಶುದ್ಧವಾಗಿದೆ ನೋಡೋ” ಅಂದಿದ್ದಳು ಅಮ್ಮ. ತಳದ ಕಲ್ಲೆಲ್ಲ ಕಾಣುವಷ್ಟು ತಿಳಿನೀರು. ಆದರೆ ಕಣ್ಣಿಗೆ ಕಾಣದ ಒಂದು ಸಂಗತಿ ಅದೇ ಬೆಟ್ಟಗಳಲ್ಲಿ ನಡೆದಿದೆ. ಪಕ್ಕದ ಲಾಕ್ ವೇಲ್ ಕಣಿವೆಯಲ್ಲಿ ವಿಜ್ಞಾನಿಗಳು 1980ರ ದಶಕದಿಂದ ಮಳೆ, ಹಿಮ, ನೀರು ಅಳೆಯುತ್ತಿದ್ದಾರೆ. ಕೆಳಗಿನ ಬಯಲಿನ ವಾಹನಗಳ ಹೊಗೆ, ಹೊಲಗಳ ಗೊಬ್ಬರ, ಸಾವಿರಾರು ದನ ಕೂಡಿಹಾಕಿ ಸಾಕುವ ಅಂಗಳಗಳ ಅಮೋನಿಯಾ, ಇವೆಲ್ಲ ಗಾಳಿಯ ಜೊತೆ ಮೇಲೇರಿ ಸಾರಜನಕವಾಗಿ ಈ ಸರೋವರಗಳಿಗೆ ಬೀಳುತ್ತವೆ. ತಳದ ಕೆಸರನ್ನು ಪದರ ಪದರವಾಗಿ ತೆಗೆದು ನೋಡಿದಾಗ, ಡಯಾಟಮ್ ಎಂಬ ಸೂಕ್ಷ್ಮ ಪಾಚಿಯ ಜಾತಿಗಳು 1950ರ ಆಸುಪಾಸಿನಿಂದಲೇ ಬದಲಾಗಿರುವುದು ಕಂಡಿತು. ಬಡ ನೀರಿಗೆ ಒಗ್ಗಿದ ಜೀವಗಳ ಜಾಗದಲ್ಲಿ ಗೊಬ್ಬರ ಬಯಸುವ ಜೀವಗಳು ಬಂದಿದ್ದವು. ಯಾರೂ ಬೆಟ್ಟ ಹತ್ತದಿದ್ದರೂ ಇದು ಆಗುತ್ತಿತ್ತು.

ಹೀಗಾಗಿ, ಗೇಟಿನಲ್ಲಿ ಜನರನ್ನು ಎಣಿಸಿದರೆ ಸರೋವರ ಉಳಿಯಿತು ಎಂಬ ಸಮಾಧಾನ ನನಗೆ ಅಪಾಯಕಾರಿ ಎನಿಸುತ್ತದೆ. ಚಾರಣಿಗನ ಬೂಟು ಎದುರಿಗೇ ಕಾಣುವುದರಿಂದ ತಪ್ಪೆಲ್ಲ ಅದರ ತಲೆಗೆ ಬರುತ್ತದೆ. ಅವನು ಅಲ್ಲಿಗೆ ಬರಲು ಓಡಿಸಿದ ಕಾರೂ, ಊರಿಗೆ ಮರಳಿ ತಿನ್ನುವ ಊಟವೂ ಲೆಕ್ಕಕ್ಕೆ ಬರುವುದಿಲ್ಲ. ಬೀಳುವ ಸಾರಜನಕವನ್ನು 2032ರೊಳಗೆ ವರ್ಷಕ್ಕೆ ಹೆಕ್ಟೇರಿಗೆ 1.5 ಕಿಲೋಗ್ರಾಮಿಗೆ ಇಳಿಸಬೇಕೆಂದು ಉದ್ಯಾನವೂ ಸರ್ಕಾರಗಳೂ 2007ರಲ್ಲಿ ಗುರಿ ಇಟ್ಟುಕೊಂಡವು. ಬೇರ್ ಲೇಕ್‌ನಲ್ಲಿ ಕಾರಿಳಿಯುವ ಪ್ರತಿಯೊಬ್ಬರೂ ಮೊದಲು ಓದುವ ಫಲಕದಲ್ಲಿ ಈ ಸಂಖ್ಯೆ ಇರಬೇಕು.

ಆ ಪ್ರಯತ್ನದಲ್ಲಿ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಬಯಲಿನ ಗಾಳಿ ಬೆಟ್ಟದ ಕಡೆಗೆ ಬೀಸುವ ಸೂಚನೆ ಸಿಕ್ಕಾಗ ರೈತರಿಗೂ ದನ ಸಾಕುವವರಿಗೂ ಮುನ್ನೆಚ್ಚರಿಕೆ ಹೋಗುತ್ತದೆ. ಗೊಬ್ಬರ ಹರಡುವುದನ್ನು, ಅಂಗಳ ಬಾಚುವುದನ್ನು ಸಾಧ್ಯವಾದರೆ ಮುಂದೂಡಿ ಎಂಬ ಕೋರಿಕೆ ಅಷ್ಟೇ, ಕಡ್ಡಾಯವಲ್ಲ. ಅಂಥ ದಿನ ಯಾರಾದರೊಬ್ಬ ರೈತ ಗೊಬ್ಬರದ ಗಾಡಿಯನ್ನು ಹೊಲದ ಅಂಚಿನಲ್ಲೇ ನಿಲ್ಲಿಸಿರುತ್ತಾನೆ. ಡ್ರೀಮ್ ಲೇಕ್ ಅನ್ನು ಅವನು ಒಮ್ಮೆಯೂ ನೋಡಿರದೆ ಇರಬಹುದು.