ಗೋಡೆಯೊಳಗೆ ಅಡಗಿಸಿದ ತಂತಿ

ಈಚೆಗೆ ನಮ್ಮ ಮನೆಯ ವಿದ್ಯುತ್ ತಂತಿಗಳನ್ನೆಲ್ಲ ಬದಲಾಯಿಸಬೇಕಾಗಿ ಬಂದಿತು. ಈ ಮನೆಗೆ ಬಂದುಹೋದ ಹಳೆಯ ವಿದ್ಯಾರ್ಥಿಗಳಿಗೆ ಇಲ್ಲಿಯ ಗೋಡೆಗಳ ನೆನಪಿದ್ದೀತು. ಕೋಲಾರ ಸೀಮೆಯ ಸೈಜುಗಲ್ಲಿನ ಗೋಡೆಗಳವು. ಕ್ಯಾಲೆಂಡರು ತೂಗುಹಾಕಲು ಮೊಳೆ ಹೊಡೆದರೆ ಮೊಳೆಯೇ ಬಾಗುತ್ತಿತ್ತು. ಆ ಗೋಡೆಗಳ ಮೇಲೆ ತೇಗದ ಪಟ್ಟಿ, ಪಟ್ಟಿಯ ಮೇಲೆ ಕ್ಲಿಪ್ಪುಗಳಲ್ಲಿ ಹಿಡಿದಿಟ್ಟ ತಂತಿ, ಮರದ ಹಲಗೆಗೆ ಕೂರಿಸಿದ ಕರಿಯ ದುಂಡು ಸ್ವಿಚ್ಚು. ಈ ವ್ಯವಸ್ಥೆಯಲ್ಲಿಯೇ ನಲವತ್ತು ವರ್ಷಗಳು ಕಳೆದವು.

ಈ ಸಲ ತಂತಿಗಳು ಕಣ್ಣಿಗೆ ಕಾಣಬಾರದೆಂದು ಮಗನ ಹಟ. ಒಪ್ಪಿದೆ. ಗೋಡೆಯಲ್ಲಿ ಗ್ರೂವ್ ಹೊಡೆಯಲು ಬಂದವನು ಇಪ್ಪತ್ತು ವರ್ಷ ದಾಟಿರದ ಹುಡುಗ. ಗ್ರೈಂಡರ್ ಕಲ್ಲಿಗೆ ತಾಗಿದ ಐದೇ ನಿಮಿಷಗಳಲ್ಲಿ ನಡುಮನೆಯೆಲ್ಲ ಬಿಳಿಯ ಮಂಜು ಕವಿದಂತಾಯಿತು. ಒಳಗೆ ಇಣುಕಿ ನೋಡಿದರೆ ಹುಡುಗನ ರೆಪ್ಪೆಗಳೂ ಬೆಳ್ಳಗಾಗಿದ್ದವು. ಮೂಗಿಗೆ ಒಂದು ಕರವಸ್ತ್ರ ಮಾತ್ರ.

"ಏನಪ್ಪಾ, ಉಸಿರು ಕಟ್ಟುವುದಿಲ್ಲವೇ?" ಎಂದೆ.

"ಅಭ್ಯಾಸ ಆಗಿಹೋಗಿದೆ ಮೇಷ್ಟ್ರೇ" ಎಂದು ನಕ್ಕ.

ಆ ಮಾತನ್ನು ನಾನು ಹಿಂದೆಯೂ ಕೇಳಿದ್ದೆ. ನನ್ನ ತರಗತಿಯಲ್ಲಿ ಚಿನ್ನದ ಗಣಿಯ ಕಾರ್ಮಿಕರ ಮಕ್ಕಳು ಅನೇಕರಿದ್ದರು. ಶಾಲೆಯ ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತಿದ್ದ ತಂದೆಯೊಬ್ಬರು, ವಿಚಾರಿಸಿದಾಗ ಇದೇ ಮಾತನ್ನಾಡಿದ್ದರು. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಕೋಲಾರದ ಗಣಿಗಳಿಗೆ ಹೊಸದಲ್ಲ. 2001ರಲ್ಲಿ ಗಣಿಗಳು ಮುಚ್ಚಿದವು. ಧೂಳು ಮಾತ್ರ ನೆಲದಾಳದಿಂದ ನಮ್ಮ ನಡುಮನೆಗೆ ಬಂದಿದೆ.

ಗ್ರಾನೈಟಿನಲ್ಲಿ ಬೆಣಚುಕಲ್ಲಿನ ಅಂಶ ಬಹಳ. ಅದನ್ನು ಯಂತ್ರದಿಂದ ಕೊರೆದಾಗ ಏಳುವ ಧೂಳಿನಲ್ಲಿ ಅಪಾಯಕಾರಿಯಾದದ್ದು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಭಾಗ. ಅದು ಶ್ವಾಸಕೋಶದ ಆಳಕ್ಕಿಳಿದು ಅಲ್ಲಿಯೇ ನಿಂತು, ಗಾಯದ ಕಲೆಯಂತಹ ಗಂಟುಗಳನ್ನು ಬೆಳೆಸುತ್ತದೆ. ರೋಗ ತಲೆದೋರುವುದು ಬಹುಮಟ್ಟಿಗೆ ವರ್ಷಗಳ ಅನಂತರ. ಅದನ್ನು ವಾಸಿಮಾಡುವ ಔಷಧವಿಲ್ಲ, ತಡೆಯುವುದೊಂದೇ ದಾರಿ. ಕರವಸ್ತ್ರ ಅದನ್ನು ತಡೆಯಲಾರದು.

ಗೋಡೆಯ ದೃಷ್ಟಿಯಿಂದಲೂ ಇದು ಹಿತವಲ್ಲ. ಲಂಬವಾದ ಸೀಳು ಗೋಡೆಯ ದಪ್ಪದ ಮೂರನೆಯ ಒಂದು ಭಾಗವನ್ನೂ ಅಡ್ಡ ಸೀಳು ಆರನೆಯ ಒಂದು ಭಾಗವನ್ನೂ ಮೀರಬಾರದೆಂಬುದು ಕಟ್ಟಡಗಾರರು ಪಾಲಿಸಬೇಕಾದ ನಿಯಮ. ಲೆಕ್ಕ ಹಾಕಿ ನೋಡಿ: ಒಂಬತ್ತಂಗುಲದ ಇಟ್ಟಿಗೆ ಗೋಡೆಯಲ್ಲಿ ಅಡ್ಡಲಾಗಿ ಕೊರೆಯಬಹುದಾದದ್ದು ಒಂದೂವರೆ ಅಂಗುಲ ಮಾತ್ರ. ಒಂದಂಗುಲದ ಪೈಪು, ಮೇಲೆ ಅರ್ಧ ಅಂಗುಲ ಗಾರೆ, ಅಲ್ಲಿಗೆ ಮುಗಿಯಿತು. ನಾಲ್ಕೂವರೆ ಅಂಗುಲದ ಗೋಡೆಯಲ್ಲಿ ಮುಕ್ಕಾಲು ಅಂಗುಲವಷ್ಟೇ. ಆ ಪೈಪು ಹಿಡಿಸುವುದೇ ಇಲ್ಲ.

ಗೋಡೆಯೊಳಗಿನ ತಂತಿ ಇಲಿಗೆ ಸಿಗದು, ನೋಟಕ್ಕೂ ಚೆನ್ನ ಎಂಬ ಮಗನ ವಾದವನ್ನು ತಳ್ಳಿಹಾಕಲಾರೆ. ಹೊಸ ಮನೆ ಕಟ್ಟುವವರು ಮೊದಲೇ ಯೋಚಿಸಿ, ಕಟ್ಟುವಾಗಲೇ ಪೈಪು ಇಡಿಸಲಿ. ಆದರೆ ನಿಂತಿರುವ ಕಲ್ಲುಗೋಡೆಯನ್ನು ಕೇವಲ ಅಂದಕ್ಕಾಗಿ ಸೀಳಿಸುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಗೋಡೆಯ ಮೇಲೆ ಕೇಸಿಂಗ್ ಪಟ್ಟಿ ಕಂಡರೆ ಯಾವ ಮರ್ಯಾದೆ ಹೋಗುತ್ತದೆ? ಕೆಟ್ಟ ತಂತಿಯನ್ನು ಹುಡುಕುವುದೂ ಸುಲಭ.

ಕೊರೆಯಲೇಬೇಕಾದ ಸಂದರ್ಭದಲ್ಲಿ ಧೂಳನ್ನು ಅಲ್ಲಿಯೇ ಹೀರಿಕೊಳ್ಳುವ ವ್ಯವಸ್ಥೆಯಿರುವ ಯಂತ್ರವನ್ನೇ ಕೇಳಿರಿ. ಕೊರೆಯುವವನ ಮುಖಕ್ಕೆ ಸರಿಯಾಗಿ ಕೂರುವ ಎನ್95 ಮುಖಗವಸನ್ನಾದರೂ ಕೊಡಿಸಿರಿ. ಕೂಲಿಯ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಿ.

ನಾನು ಆ ದಿನವೇ ಕೆಲಸ ನಿಲ್ಲಿಸಿದೆ. ಹುಡುಗನಿಗೆ ಒಪ್ಪಿಕೊಂಡಷ್ಟು ಕೂಲಿ ಕೊಟ್ಟು, ಉಳಿದ ಕಡೆಯೆಲ್ಲ ಅವನಿಂದಲೇ ಕೇಸಿಂಗ್ ಹಾಕಿಸಿದೆ. ಮಗ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದ. ನಡುಮನೆಯಲ್ಲಿ ಕೊರೆದ ಮೂರಡಿಯ ಸೀಳನ್ನು ಗಾರೆಯಿಂದ ಮುಚ್ಚಿದೆವು. ಅದರ ಗುರುತು ಇಂದಿಗೂ ಕಾಣುತ್ತದೆ. ಸುಣ್ಣ ಬಳಿಸಿ ಮರೆಮಾಡಲು ನನಗೆ ಮನಸ್ಸಾಗಿಲ್ಲ.