ತೇರಗಾಂವದ ಅಜ್ಜಿಗೆ ಕೇಳಬೇಕಾದ ಪ್ರಶ್ನೆ

"ಕೈಕಾಲು ಗಟ್ಟಿ ಇರೂತನಾ ಸಾಕವಾ, ಯಾರ ಕೈಯಾಗೂ ಬೀಳಬಾರ್ದು." ಹಳಿಯಾಳ ತಾಲೂಕಿನ ತೇರಗಾಂವದಂಥ ಊರುಗಳಲ್ಲಿ ಹಿರಿಯರು ಮೇಲಿಂದ ಮೇಲೆ ಆಡುವ ಮಾತಿದು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯಕರ ಮುಪ್ಪನ್ನು ವಿವರಿಸಿದ್ದೂ ಹೆಚ್ಚುಕಡಿಮೆ ಹೀಗೆಯೇ: ಬಿ.ಪಿ., ಶುಗರ್ ಇದ್ದರೂ ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುವ ಶಕ್ತಿ ಉಳಿದಿರಬೇಕು.

ಆ ಶಕ್ತಿಯನ್ನು ಅಳೆಯುವುದು ಹೇಗೆ? 2017-18ರಲ್ಲಿ ದೇಶದ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದ, ಮುಪ್ಪಿನ ಕುರಿತ 'ಲಾಸಿ' ಸಮೀಕ್ಷೆ ಸ್ನಾನ, ಊಟ, ಹಾಸಿಗೆಯಿಂದ ಏಳುವುದು, ಮಾತ್ರೆ ತೆಗೆದುಕೊಳ್ಳುವುದು, ಹಣದ ಲೆಕ್ಕ ಇವನ್ನೆಲ್ಲ ಕೇಳಿತು. ನಾನಾದರೆ ಬಸ್ಸಿನ ಮೆಟ್ಟಿಲನ್ನೂ ಸೇರಿಸುತ್ತಿದ್ದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅಜ್ಜಿಗೆ ಟಿಕೆಟ್ಟಿನ ಖರ್ಚಿಲ್ಲ. ಆದರೆ ಒಂದು ಕೈಯಲ್ಲಿ ಸರಳು, ಇನ್ನೊಂದರಲ್ಲಿ ಸೀರೆಯ ನಿರಿಗೆ ಹಿಡಿದು ಆ ಎತ್ತರದ ಮೊದಲ ಮೆಟ್ಟಿಲು ಏರಲು ಹಿಂದಿನಿಂದ ಯಾರಾದರೂ ಕೈ ಕೊಡಬೇಕು. ಹಳಿಯಾಳ ಮುಟ್ಟಿ ಪಿಂಚಣಿಗೆ ಹೆಬ್ಬೆಟ್ಟು ಒತ್ತಿದರೆ, ಕಳೆ ಕಿತ್ತು, ಕಬ್ಬು ಕಡಿದು ಸವೆದ ಬೆರಳನ್ನು ಯಂತ್ರ ಎಷ್ಟೋ ಸಲ ಗುರುತಿಸುವುದೇ ಇಲ್ಲ.

ಹಳ್ಳಿಯ ಮುಪ್ಪನ್ನು ಹಳ್ಳಿಯಲ್ಲೇ ಅರಿಯುವ ದೊಡ್ಡ ಕೆಲಸ ನಮ್ಮ ರಾಜ್ಯದಲ್ಲೇ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಅಧ್ಯಯನಕ್ಕಿಳಿದಿದೆ. 45 ದಾಟಿದ 10 ಸಾವಿರ ಜನರ ನೆನಪು, ರಕ್ತ, ನಡಿಗೆಗಳನ್ನು ವರ್ಷಗಟ್ಟಲೆ ಗಮನಿಸುವುದು ಅದರ ಗುರಿ. ಇಂಥಲ್ಲಿ ಅಕ್ಷರ ಬಾರದವರ ನೆನಪಿನ ಶಕ್ತಿ ಪರೀಕ್ಷಿಸುವುದೇ ಕಷ್ಟ. ಹರಿಯಾಣದ ಬಲ್ಲಭಗಡದಲ್ಲಿ 1990ರ ದಶಕದ ಸಂಶೋಧಕರು ಇದಕ್ಕೊಂದು ದಾರಿ ಕಂಡುಕೊಂಡರು: 'ಒಂದು ವಾಕ್ಯ ಬರೆಯಿರಿ' ಎನ್ನುವಲ್ಲಿ 'ನಿಮ್ಮ ಮನೆಯ ಬಗ್ಗೆ ಒಂದು ಮಾತು ಹೇಳಿ' ಎಂದರು. ಎಂಥ ಮರ್ಯಾದೆಯ ಪ್ರಶ್ನೆ! ಮನೆಯೊಳಗೆ ಮರಾಠಿ, ಕೊಂಕಣಿ, ಕಚೇರಿಗೆ ಹೋದರೆ ಕನ್ನಡ ಆಡುವ ಹಳಿಯಾಳ ಸೀಮೆಯಲ್ಲಿ ಅದನ್ನು ಅಜ್ಜಿಯ ಮನೆಮಾತಿನಲ್ಲೇ ಕೇಳಬೇಕು. ಇಲ್ಲದಿದ್ದರೆ ಭಾಷೆಯ ತಡವರಿಕೆಯೇ ಮರೆವಿನ ಲೆಕ್ಕಕ್ಕೆ ಸೇರಿಬಿಡುತ್ತದೆ.

ಮರೆವಿನ ಕಾಯಿಲೆಯ ಸುಮಾರು 45 ಪ್ರತಿಶತ ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂದು 2024ರ ಲ್ಯಾನ್ಸೆಟ್ ಆಯೋಗ ಅಂದಾಜಿಸಿದೆ. ಅದು ಹೆಸರಿಸಿದ 14 ಕಾರಣಗಳಲ್ಲಿ ಕಿವಿ ಮಂದವಾಗುವುದು, ಕಣ್ಣಿಗೆ ಚಿಕಿತ್ಸೆ ಸಿಗದಿರುವುದು, ಬಿ.ಪಿ., ಒಂಟಿತನ ಎಲ್ಲವೂ ಇವೆ. ಕನ್ನಡಕ, ಬಿ.ಪಿ. ಮಾತ್ರೆ ತೇರಗಾಂವಕ್ಕೆ ತಲುಪದಂಥ ವಸ್ತುಗಳೇನಲ್ಲ. ಮನೆಗೆ ಬರುವ ಆಶಾ ಕಾರ್ಯಕರ್ತೆ ಕಣ್ಣು, ಕಿವಿ ವಿಚಾರಿಸಿದ ಮೇಲೆ, ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಲಿ. ಏಳಲಾಗದವರ ಹೆಸರು ಆ ವಾರವೇ ಹಳಿಯಾಳದ ತಾಲೂಕು ಆಸ್ಪತ್ರೆಗೆ ಹೋಗಲಿ. ಬೀಳುವ ಮುನ್ನವೇ ಮೊಣಕಾಲಿಗೆ ವ್ಯಾಯಾಮ ಶುರುವಾಗಲಿ.